ಬೆನ್ನು ಉಜ್ಜುವ ಹೊತ್ತು

ಕಸದ ಲಾರಿಗೆ ಬುಟ್ಟಿ ಹೊರುವ ಹೆಂಗಸಿನ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೊಳೆಯಾಗುವುದು ಯಾವುದು ಎಂದು ಕೇಳಿದರೆ ನೀವು ಕೈ ಎನ್ನುತ್ತೀರಿ. ತಪ್ಪು. ಬೆನ್ನು. ಬುಟ್ಟಿ ಹೆಗಲಿಗೆ ಏರುತ್ತದೆ. ಅದನ್ನು ಹೊತ್ತು ಲಾರಿಗೆ ಒರಗಿಸಿದ ಹಲಗೆ ಹತ್ತಬೇಕು. ಹತ್ತುವಾಗ ಬುಟ್ಟಿ ಹಿಂದಕ್ಕೆ ವಾಲುತ್ತದೆ. ಒಳಗಿನ ರಸ ಕತ್ತಿನಿಂದ ಇಳಿದು, ಬೆನ್ನಿನ ನಡುಗೆರೆ ಹಿಡಿದು ಸೊಂಟಕ್ಕೆ ಬರುತ್ತದೆ. ಮೀನಂಗಡಿ ಬೀದಿಯದು ಒಂದು ತರಹ, ಹೋಟೆಲಿನದು ಒಂದು ತರಹ, ಸಣ್ಣ ಮಕ್ಕಳಿರುವ ಮನೆಗಳದು ಇನ್ನೊಂದು ತರಹ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸೇರಿ ಒಂದೇ ಆಗಿರುತ್ತದೆ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ, ಅದೊಂದು ಪುಣ್ಯ.

ಕಾಣದ ಬೆನ್ನನ್ನು ತೊಳೆಯಲು ಇನ್ನೊಬ್ಬರು ಬೇಕು. ಅದಕ್ಕೇ ನಮ್ಮ ಡಿಪೋದಲ್ಲಿ ಒಂದು ಕಟ್ಟು ಇತ್ತು. ದಿನವಿಡೀ ಯಾರು ನಿನ್ನ ಹೆಗಲಿಗೆ ಬುಟ್ಟಿ ಏರಿಸಿದಳೋ ಅವಳೇ ಕೆಲಸ ಮುಗಿದ ಮೇಲೆ ನಿನ್ನ ಬೆನ್ನು ಉಜ್ಜಬೇಕು. ಹೊರಿಸಿದವಳು ತೊಳೆಯಬೇಕು, ಅಷ್ಟೇ ಲೆಕ್ಕ. ಹೊಸದಾಗಿ ಸೇರಿದವಳಿಗೆ ಬುಟ್ಟಿ ಹಿಡಿಯುವುದನ್ನು ಕಲಿಸುವ ಮೊದಲೇ ಇದನ್ನು ಹೇಳುತ್ತಿದ್ದೆವು. ಉಜ್ಜಿ ಮುಗಿದ ಮೇಲೆ ಬೆನ್ನಿಗೆ ಎರಡು ಏಟು ಬೀಳಬೇಕು. ಏಳು, ಆಯಿತು, ಈಗ ನನ್ನ ಸರದಿ ಎಂದು ಅರ್ಥ.

ನನ್ನ ಜೋಡಿಯನ್ನು ಎಲ್ಲರೂ ರೇಡಿಯೋ ಎನ್ನುತ್ತಾರೆ. ಬೆಳಿಗ್ಗೆ ಲಾರಿ ಹತ್ತುವಾಗ ಶುರುವಾದರೆ ಅವಳು ನಿಲ್ಲುವುದು ಸಂಜೆ ಅವಳ ಮನೆ ಬಾಗಿಲಲ್ಲಿ. ಯಾವ ಬೀದಿಯ ಯಾವ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಎಂಬುದು ಅವಳಿಗೆ ಅವರ ಕಸ ನೋಡಿದರೆ ಗೊತ್ತಾಗುತ್ತದೆ. ಅವಳ ಮಾತು ಕೇಳಿಕೊಂಡು ಬುಟ್ಟಿ ಹೊತ್ತರೆ ಭಾರ ತಿಳಿಯುವುದಿಲ್ಲ. ಬೆನ್ನು ಉಜ್ಜುವಾಗ ಮಾತ್ರ ಸುಮ್ಮನಿರುತ್ತಾಳೆ. ಕೆಲಸದಲ್ಲಿ ಅಷ್ಟು ಶ್ರದ್ಧೆ.

ನಮ್ಮತ್ತೆಯೂ ಇದೇ ಡಿಪೋದಲ್ಲಿ ಬುಟ್ಟಿ ಹೊತ್ತವರು. ಅವರ ಕಾಲದಲ್ಲಿ ಸ್ನಾನದ ಮನೆ ಇರಲಿಲ್ಲ. ನಾರುತ್ತಲೇ ಮನೆಗೆ ಹೋಗುತ್ತಿದ್ದರಂತೆ, ನಾಯಿಗಳು ಹಿಂದೆ ಬರುತ್ತಿದ್ದವಂತೆ. ಕೊನೆಗೆ ಊರಿನ ಕಸ ಎತ್ತದೆ ಕೂತುಬಿಟ್ಟರು. ಊರೇ ಮೂಗು ಮುಚ್ಚಿಕೊಂಡಾಗ ಸ್ನಾನದ ಮನೆ ಬಂತು. ಬಾಯ್ಲರು ಬಂತು, ಸೋಪು ಬಂತು, ಕೆಲಸದ ಕೊನೆಯ ಅರ್ಧ ಗಂಟೆ ಸ್ನಾನಕ್ಕೆ ಎಂದಾಯಿತು. ಸಂಬಳದ ಅರ್ಧ ಗಂಟೆ. ಅತ್ತೆ ಸಾಯುವ ತನಕ ಆ ಬಾಯ್ಲರನ್ನು ಹೆತ್ತ ಮಗನ ಹಾಗೆ ಹೊಗಳುತ್ತಿದ್ದರು. ಹೆತ್ತ ಮಗನೆಂದರೆ ನನ್ನ ಗಂಡ. ಅವರಿಗಿಂತ ಬಾಯ್ಲರೇ ಹೆಚ್ಚು ಕಾಲ ಬಾಳಿತು.

ಆ ಬಾಯ್ಲರಿಗೆ ಬೀಗ ಬಿತ್ತು.

ಮೇಸ್ತ್ರಿ ಬಂದು ಸ್ನಾನದ ಮನೆಯ ಬಾಗಿಲಿಗೆ ಅಡ್ಡ ನಿಂತ. ನಮ್ಮ ಮೇಸ್ತ್ರಿ ಒಳ್ಳೆಯವನು. ಎಲ್ಲರಿಗೂ ಒಳ್ಳೆಯವನು, ಅದೇ ತೊಂದರೆ.

"ಖರ್ಚು ಕಡಿಮೆ ಮಾಡ್ತಿದಾರೆ," ಎಂದ. "ಇನ್ನು ಬಿಸಿನೀರು ಇಲ್ಲ, ಸೋಪು ಇಲ್ಲ. ಆ ಅರ್ಧ ಗಂಟೆನೂ ಕಸ ಎತ್ತಬೇಕು. ವಾರದ ರಜೆಗೆ ಸಂಬಳ ಇಲ್ಲ. ಮನೆಯವರ ಆಸ್ಪತ್ರೆ ಖರ್ಚೂ ಕೊಡಲ್ಲ."

"ಮತ್ತೆ ಸ್ನಾನ?" ಎಂದೆ.

"ಸ್ನಾನ ಅವರವರ ಸ್ವಂತ ವಿಷಯ ಅಂತೆ. ಆಫೀಸಿಗೆ ಸಂಬಂಧ ಇಲ್ಲವಂತೆ."

"ಕೊಳೆ ಊರಿಗೆಲ್ಲ ಸೇರಿದ್ದು, ಸ್ನಾನ ನಮ್ಮ ಸ್ವಂತದ್ದಾ?"

"ನನ್ನ ಕೈಲಿ ಏನಿದೆ ಅಕ್ಕಾ. ಮೇಲಿಂದ ಬಂದಿದೆ."

"ಮೇಲಿಂದ ನಮಗೆ ಬರೋದೆಲ್ಲ ಬುಟ್ಟಿ ರಸಾನೇ ಬಿಡು," ಎಂದಳು ರೇಡಿಯೋ.

ಎಲ್ಲರೂ ನಕ್ಕೆವು. ಮೇಸ್ತ್ರಿಯೂ ನಕ್ಕ. ನಗು ಮುಗಿದ ಮೇಲೂ ಬೀಗ ಅಲ್ಲೇ ಇತ್ತು.

ಮನೆಯಲ್ಲಿ ಸ್ನಾನ ಮಾಡಿದರಾಯಿತಲ್ಲ ಎನ್ನುತ್ತೀರಿ. ಬೀಗ ಹಾಕಿಸಿದ ಹೆಡ್ಡಾಫೀಸಿನ ಸಾಹೇಬರೂ ಹಾಗೇ ಅಂದುಕೊಂಡಿರಬೇಕು. ನಮ್ಮದು ಮೂರನೇ ಮಹಡಿಯ ಒಂದೂವರೆ ಕೋಣೆ. ಅರೆ ಕೋಣೆಯಲ್ಲಿ ಅಡುಗೆ, ಅಡುಗೆಯ ಮೂಲೆಯಲ್ಲಿ ಬಚ್ಚಲು, ಬಚ್ಚಲಿಗೆ ಒಂದು ಪರದೆ. ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ, ನಾನು ಲಾರಿಯ ಮೇಲಿರುವಾಗ. ಸೊಸೆ ಹಿಡಿದಿಟ್ಟ ನೀರಿನಲ್ಲಿ ಕುಡಿಯುವುದು, ಬೇಯಿಸುವುದು, ಒಗೆಯುವುದು ಎಲ್ಲ ಆಗಿ ನನಗೆ ಉಳಿಯುವುದು ಅರ್ಧ ಬಕೆಟ್ ತಣ್ಣೀರು. ಕಸದ ಜಿಡ್ಡು ತಣ್ಣೀರಿಗೆ ಬಗ್ಗುವುದಿಲ್ಲ. ಇವತ್ತಿನದು ಹೋಗುವ ಮೊದಲೇ ನಾಳೆಯದು ಅದರ ಮೇಲೆ ಕೂರುತ್ತದೆ.

ಬೀಗ ಬಿದ್ದ ಮೊದಲ ದಿನ ಪರದೆಯ ಹಿಂದೆ ಕೂತೆ. ಕೈಗೆ, ಕಾಲಿಗೆ, ಮುಖಕ್ಕೆ ನೀರು ಹಾಕಿಕೊಂಡೆ. ಆಮೇಲೆ ಬೆನ್ನು ತಿರುಗಿಸಿ, ತಲೆ ತಗ್ಗಿಸಿ, ಕಾದೆ. ಸ್ವಲ್ಪ ಹೊತ್ತು ಕಾದ ಮೇಲೆ "ಉಜ್ಜೇ, ಏನು ನೋಡ್ತಾ ಕೂತಿದೀಯ?" ಎಂದೆ. ಗೋಡೆ ಉಜ್ಜುತ್ತದೆಯೇ. ಪರದೆಯಾಚೆಯಿಂದ ಸೊಸೆ "ಅತ್ತೆ, ಕರೆದ್ರಾ?" ಎಂದಳು. ತುಂಬಿದ ಬಸುರಿ ಅವಳು, ಬಗ್ಗಿಸಿ ಬೆನ್ನು ಉಜ್ಜಿಸಿಕೊಳ್ಳಲೇ? "ಇಲ್ಲಮ್ಮ, ಹಾಡ್ಕೊಳ್ತಿದ್ದೆ," ಎಂದೆ.

ಮರುದಿನ ಹೇಳಿದರೆ ರೇಡಿಯೋ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, "ನಾನೂ ಹಾಗೇ ಕಾದೆ ಅಕ್ಕಾ," ಎಂದಳು.

ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿಬಿಟ್ಟಳು. ಅವರಜ್ಜನ ಹಾಗೇ ಅವಸರ. ಆಸ್ಪತ್ರೆಯವರು ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಕೆಲಸ ಮುಗಿಸಿ ಅಲ್ಲಿಗೆ ಓಡುತ್ತಿದ್ದೆ. ಗಾಜಿನ ಈಚೆ ನಿಂತು ನೋಡುತ್ತಿದ್ದೆ. ಮುಷ್ಟಿ ಬಿಗಿ ಹಿಡಿದು ಮಲಗಿರುತ್ತಿದ್ದಳು, ಯಾರ ಮೇಲೋ ಜಗಳಕ್ಕೆ ಹೊರಟವಳ ಹಾಗೆ. ನಮ್ಮ ಮನೆಯ ಕುಡಿಯೇ ಎಂದು ಸಮಾಧಾನವಾಯಿತು.

ಮೊದಲಾಗಿದ್ದರೆ ಆ ಆಸ್ಪತ್ರೆ ಖರ್ಚು ನನ್ನ ಕೆಲಸದ ಮೇಲೆ ನಡೆಯುತ್ತಿತ್ತು. ಈಗ ನಡೆಯಲಿಲ್ಲ. ನನ್ನ ಮಗ ಸಿಟಿ ಬಸ್ಸಿನಲ್ಲಿ ಕಂಡಕ್ಟರು, ಅವನ ಕೆಲಸ ಇನ್ನೂ ಕಾಯಂ ಆಗಿಲ್ಲ. ಒಂದು ಪಾಳಿ ಮಾಡುತ್ತಿದ್ದವನು ಎರಡು ಪಾಳಿ ಮಾಡತೊಡಗಿದ. ಬೆಳಿಗ್ಗೆ ಹೋದರೆ ಮನೆಗೆ ಬರುವಾಗ ಕೂತಲ್ಲೇ ತೂಕಡಿಸುತ್ತಿದ್ದ. ನಾನೂ ವಾರದ ರಜೆ ಬಿಟ್ಟೆ. ಸಂಬಳ ಇಲ್ಲದ ರಜೆ ಯಾರಿಗೆ ಬೇಕು.

ಪಾಪುವನ್ನು ಮನೆಗೆ ಕಳಿಸುವಾಗ ನರ್ಸಮ್ಮ ಸೊಸೆಗೆ ಬುದ್ಧಿ ಹೇಳಿದಳು. "ಎದೆ ಇನ್ನೂ ಸೂಕ್ಷ್ಮ ಇದೆ. ಯಾರೇ ಎತ್ಕೊಳ್ಳೋದಿದ್ರೂ ಮೈ ಚೆನ್ನಾಗಿ ತೊಳ್ಕೊಂಡು ಎತ್ಕೊಳ್ಳಲಿ." ಹೇಳಿದ್ದು ಸೊಸೆಗೆ, ನೋಡಿದ್ದು ನನ್ನನ್ನು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆ ಸಂಜೆ ಅರ್ಧ ಬಕೆಟ್ಟಿಗೆ ಕುಡಿಯುವ ನೀರಿನ ಒಂದು ಚೊಂಬನ್ನೂ ಸೇರಿಸಿಕೊಂಡೆ. ಚರ್ಮ ಕೆಂಪಾಗುವಂತೆ ಉಜ್ಜಿಕೊಂಡೆ. ಒಗೆದ ಬಟ್ಟೆ ಹಾಕಿಕೊಂಡು ಬಂದು ಚಾಪೆಯ ಮೇಲೆ ಕೂತು ಎರಡು ಕೈ ಚಾಚಿದೆ. ಸೊಸೆ ಪಾಪುವನ್ನು ಎತ್ತಿಕೊಂಡು ನನ್ನ ಹತ್ತಿರ ಬಂದಳು. ಬಗ್ಗಿದಳು. ನನ್ನ ಕಿವಿಯ ಹಿಂದೆ ಅವಳ ಮೂಗು ಒಂದು ಗಳಿಗೆ ನಿಂತಿತು.

"ಅತ್ತೆ," ಎಂದಳು. ಪಾಪುವನ್ನು ತನ್ನ ಎದೆಗೇ ಒತ್ತಿಕೊಂಡು ನೆಟ್ಟಗಾದಳು.

"ಬೆನ್ನಿಗೆ ಕೈ ಸಿಗಲ್ಲಮ್ಮ," ಎಂದೆ. "ನಾಳೆ ನೋಡೋಣ. ಅವಳೂ ಎಲ್ಲಿಗೂ ಹೋಗಲ್ಲ, ನಾನೂ ಎಲ್ಲಿಗೂ ಹೋಗಲ್ಲ."

ಸೊಸೆಗೆ ಅಳು ಬಂತು. ಬಾಣಂತಿ ಅಳಬಾರದು ಎಂದು ಗದರಿಸಿ ನಾನು ಪಾತ್ರೆ ತೊಳೆಯಲು ಹೋದೆ. ಚಾಚಿದ ಕೈಗೆ ಏನಾದರೂ ಒಂದು ಕೆಲಸ ಬೇಕಿತ್ತು.

ಮರುದಿನ ಬಸ್ಸಿನ ಪ್ರಸಂಗ ನಡೆಯಿತು. ಬಾಯ್ಲರು ಇದ್ದಾಗ ನಾವು ಬಸ್ಸಿನಲ್ಲಿ ಎಲ್ಲರ ಹಾಗೆ ಸೀಟಿನಲ್ಲಿ ಕೂತು ಹೋಗುತ್ತಿದ್ದೆವು. ಒದ್ದೆ ತಲೆ, ಒಗೆದ ಬಟ್ಟೆ, ಸೋಪಿನ ಪರಿಮಳ. ಒಮ್ಮೆ ಪಕ್ಕದ ಹೆಂಗಸು ನನ್ನನ್ನು ನೀವು ಟೀಚರಾ ಎಂದು ಕೇಳಿದ್ದಳು. ಹೌದು ಎಂದಿದ್ದೆ. ನನ್ನ ಗಂಟೇನು ಹೋಗುತ್ತದೆ. ಈಗ ಹಿಂದಿನ ಮೆಟ್ಟಿಲ ಹತ್ತಿರ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆವು. ಸೀಟು ಖಾಲಿ ಇದ್ದರೂ ನಿಲ್ಲುತ್ತಿದ್ದೆವು.

ಆ ದಿನ ಬಸ್ಸು ತುಂಬಿತ್ತು. ಒಳಗಿನಿಂದ ಟಿಕೆಟ್ ಹರಿಯುತ್ತಾ ಬಂದ ಕಂಡಕ್ಟರು ನನ್ನ ಮಗ. ಅವನ ಎರಡನೇ ಪಾಳಿ ಆ ಬಸ್ಸಿಗೆ ಬಿದ್ದದ್ದು ನನಗೆ ಗೊತ್ತಿರಲಿಲ್ಲ. ಅವನು ನನ್ನನ್ನು ನೋಡುವ ಮೊದಲೇ ಇಸ್ತ್ರಿ ಶರ್ಟಿನವನೊಬ್ಬ ಮೂಗಿಗೆ ಕರ್ಚೀಫು ಒತ್ತಿಕೊಂಡು ಹೇಳಿದ.

"ಕಂಡಕ್ಟರೇ, ಇವರನ್ನ ಇಳಿಸ್ರೀ. ಮಧ್ಯಾಹ್ನ ಉಂಡದ್ದು ಬಾಯಿಗೆ ಬರ್ತಿದೆ."

"ಹೌದ್ರೀ, ನಾವೂ ದುಡ್ಡು ಕೊಟ್ಟೇ ಬಂದಿರೋದು," ಎಂದಿತು ಇನ್ನೊಂದು ದನಿ. "ಇಂಥವರಿಗೆ ಬೇರೆ ಗಾಡಿ ಮಾಡ್ಬೇಕು," ಎಂದಿತು ಮತ್ತೊಂದು.

ನಮಗೆ ಬೇರೆ ಗಾಡಿ ಇದೆ. ಅದರಲ್ಲೇ ಅವರ ಕಸ ಹೋಗುವುದು.

ಮಗ ತಲೆಯೆತ್ತಿದ. ನನ್ನನ್ನು ನೋಡಿದ. ಅವನ ಬಾಯಲ್ಲಿ ವಿಷಲ್ ಇತ್ತು. ಊದಲಿಲ್ಲ, ತೆಗೆಯಲೂ ಇಲ್ಲ. ಬಾಯಲ್ಲಿ ವಿಷಲ್ ಇದ್ದರೆ ಅಮ್ಮ ಎನ್ನಲು ಆಗುವುದಿಲ್ಲ. ಅವನ ಕಿವಿ ಕೆಂಪಾಯಿತು, ಚಿಕ್ಕವನಿದ್ದಾಗ ಏಟು ತಿಂದು ಅಳು ತಡೆದುಕೊಂಡಾಗ ಆಗುತ್ತಿದ್ದ ಹಾಗೆ. ಅವನು ಏನು ಮಾಡುತ್ತಿದ್ದನೋ ನಾನು ಕಾದು ನೋಡಲಿಲ್ಲ.

"ನಮ್ಮ ಸ್ಟಾಪ್ ಬಂತು, ಇಳೀತೀವಿ," ಎಂದೆ.

ನಮ್ಮ ಸ್ಟಾಪ್ ಇನ್ನೂ ಎಷ್ಟೋ ದೂರವಿತ್ತು. ರೇಡಿಯೋ ಬಾಯಿ ತೆರೆದಳು. ಅವಳ ತೋಳು ಚಿವುಟಿದೆ. ಅವಳು ಮಾತು ನುಂಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಳಿದು ನಡೆದೆವು. ಆ ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಅದು ಬಸ್ಸಿನಲ್ಲಿ ಆದದ್ದಕ್ಕಿಂತ ಹೆಚ್ಚು ಹಿಂಸೆಯಾಯಿತು.

ಮಗ ಮನೆಗೆ ಬಂದವನು ತಟ್ಟೆಯ ಮುಂದೆ ಕೂತು ಕೇಳಿದ.

"ಯಾಕಮ್ಮಾ ಇಳಿದೆ?"

"ಕಾಲು ಜೋಮು ಹಿಡಿದಿತ್ತು. ನಡೆಯೋಣ ಅನ್ನಿಸ್ತು."

"ಸುಳ್ಳು ಹೇಳಬೇಡ."

"ಸರಿ, ಹೇಳಲ್ಲ. ನೀನು ಅಲ್ಲಿ ಬಾಯಿ ಬಿಟ್ಟಿದ್ರೆ ಆ ಇಸ್ತ್ರಿ ಶರ್ಟು ನಿನ್ನ ಮೇಲೆ ಕಂಪ್ಲೇಂಟ್ ಕೊಡ್ತಿದ್ದ. ನಾಳೆ ಪಾಪು ಔಷಧಿ ಯಾರು ತರ್ತಿದ್ರು?"

"ನಾನು ಬಾಯಿ ಬಿಡ್ತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲಮ್ಮ," ಎಂದ. ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದ.

ನನಗೆ ಸಿಟ್ಟು ಬಂತು. ಮೈ ಉರಿಯಿತು. ಮಗನ ಮೇಲೆ ಸಿಟ್ಟಿಲ್ಲ. ಇಸ್ತ್ರಿ ಶರ್ಟಿನವನ ಮೇಲೂ ಇಲ್ಲ, ಅವನ ಮೂಗಿಗೆ ನಾರಿದ್ದು ನಿಜ. ಅತ್ತೆ ಊರಿನ ಮೂಗು ಹಿಡಿದು ತಂದ ಬಿಸಿನೀರನ್ನು ಒಂದು ಬೀಗ ಹಾಕಿ ನಿಲ್ಲಿಸಿದರಲ್ಲ, ನನ್ನ ಮಗ ನನ್ನನ್ನು ಅಮ್ಮ ಎನ್ನದ ಹಾಗೆ ಮಾಡಿದರಲ್ಲ, ಆ ಮಹಾನುಭಾವರ ಮೇಲೆ.

ಮಹಾನುಭಾವರು ಕೂರುವುದು ಹೆಡ್ಡಾಫೀಸಿನಲ್ಲಿ. ನಮ್ಮ ಸ್ನಾನ ಕಿತ್ತು ಉಳಿಸಿದ ಅರ್ಧ ಗಂಟೆಗೆ ಅವರು ಕೊಟ್ಟ ಕೆಲಸವೂ ಅಲ್ಲಿಯದೇ. ಹಿಂದೆ ಹೆಡ್ಡಾಫೀಸಿನ ಕಸಕ್ಕೆ ಬೇರೆ ಆಳುಗಳಿದ್ದರು. ಅವರನ್ನು ತೆಗೆದು ಅದನ್ನೂ ನಮ್ಮ ಬೆನ್ನಿಗೇ ಹಾಕಿದ್ದರು. ಊರೆಲ್ಲ ಸುತ್ತಿ ಬಂದ ಲಾರಿ ಕೊನೆಗೆ ಅವರ ಗೇಟಿಗೆ ಹೋಗಿ ನಿಲ್ಲುತ್ತಿತ್ತು.

ಬಸ್ಸಿನಿಂದ ಇಳಿದ ಮರುದಿನವೂ ಹೋಗಿ ನಿಂತಿತು. ಡ್ರೈವರಣ್ಣ ಎಂಜಿನ್ ನಿಲ್ಲಿಸಿದ. ಹೂವಿನ ಪಾತಿಗಳು, ಹುಲ್ಲು, ಹುಲ್ಲಿಗೆ ನೀರು ಬಿಡುವ ಪೈಪು. ಗೋಡೆಯ ಪಕ್ಕ ಮುರಿದ ಕುರ್ಚಿಗಳ ರಾಶಿ, ಅದರ ಮೇಲೆ ರಟ್ಟಿನ ದೊಡ್ಡ ಪೆಟ್ಟಿಗೆ. ರೇಡಿಯೋ ಪೆಟ್ಟಿಗೆ ಎತ್ತಿದವಳು ಅದರ ಮೇಲಿನ ಚಿತ್ರ ನೋಡುತ್ತ ನಿಂತಳು.

"ಅಕ್ಕಾ, ಇಲ್ಲಿ ನೋಡು. ಗೀಸರು."

ಗೇಟಿನ ಕಾವಲುಗಾರನನ್ನು ಕೇಳಿದೆ. "ಯಾರಿಗಪ್ಪಾ ಗೀಸರು?"

"ಸಾಹೇಬ್ರ ಬಾತ್‌ರೂಮಿಗೆ. ಹಳೇದಿತ್ತು, ನೀರು ಕಾಯೋದು ಸ್ವಲ್ಪ ನಿಧಾನ ಆಗ್ತಿತ್ತು."

ಅವನು ಪಾಪ, ಇದ್ದದ್ದನ್ನು ಹೇಳಿದ. ನಾನು ಹೆಗಲ ಮೇಲಿನ ಬುಟ್ಟಿಯನ್ನು ಇಳಿಸಿದೆ. ಅದು ಖಾಲಿಯಾಗಿರಲಿಲ್ಲ. ತುಂಬಿದ ಬುಟ್ಟಿಯನ್ನು ಲಾರಿಗೆ ಹಾಕದೆ ನೆಲಕ್ಕೆ ಇಳಿಸಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

"ನನಗೆ ಇವತ್ತು ಸ್ನಾನ ಆಗಬೇಕು," ಎಂದೆ.

"ಎಲ್ಲಿ?" ಎಂದಳು ರೇಡಿಯೋ.

"ಇಲ್ಲೇ. ಈ ಅರ್ಧ ಗಂಟೇಲೇ."

ರೇಡಿಯೋ ನನ್ನ ಮುಖ ನೋಡಿದಳು. ಲಾರಿಯ ಉಳಿದ ಹೆಂಗಸರು ಅವಳ ಮುಖ ನೋಡಿದರು. ಅವಳ ಬ್ಯಾಗಿನಿಂದ ಸೋಪು ಹೊರಗೆ ಬಂತು. ಬೀಗ ಬಿದ್ದ ದಿನದಿಂದ ಅದನ್ನು ಜೊತೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳಂತೆ, ಯಾವಾಗ ಬಾಯ್ಲರು ಬಿಡುತ್ತಾರೋ ಎಂದು.

ಆಮೇಲೆ ನಡೆದದ್ದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೆಲಸ ಗೊತ್ತಿರುವ ಕೈಗಳು. ಲಾರಿ ತೊಳೆಯಲು ಇಟ್ಟಿದ್ದ ನೀರಿನ ಡ್ರಮ್ಮು ಕೆಳಗಿಳಿಯಿತು. ಹೂವಿನ ಪಾತಿಯ ಸುತ್ತ ಇದ್ದ ಇಟ್ಟಿಗೆಗಳು ಒಲೆಯಾದವು. ಸಾಹೇಬರ ಮುರಿದ ಕುರ್ಚಿಗಳು ಸೌದೆಯಾದವು. ಗೀಸರಿನ ಪೆಟ್ಟಿಗೆಯಿಂದ ಬೆಂಕಿ ಹೊತ್ತಿಸಿದೆವು, ಚೆನ್ನಾಗಿ ಹತ್ತಿಕೊಂಡಿತು. ಕಸದ ಮೇಲೆ ಮುಚ್ಚುವ ಟಾರ್ಪಾಲನ್ನು ಗೇಟಿನ ಕಂಬಕ್ಕೂ ಗೋಡೆಗೂ ಸುತ್ತಲೂ ಕಟ್ಟಿದರೆ ಸ್ನಾನದ ಮನೆ ತಯಾರು.

"ಅಕ್ಕಾ, ನನ್ನ ಕೆಲಸ ಹೋಗತ್ತೆ," ಎಂದ ಡ್ರೈವರಣ್ಣ.

"ಹಾಗಾದ್ರೆ ಲಾರಿ ತೆಗೆದುಕೊಂಡು ಹೋಗಪ್ಪ."

ಅವನು ಲಾರಿ ಹತ್ತಿದ. ಗೇಟಿಗೆ ಪೂರ್ತಿ ಅಡ್ಡವಾಗುವಂತೆ ತಿರುಗಿಸಿ ನಿಲ್ಲಿಸಿ ಇಳಿದ. ಕೀಲಿಯನ್ನು ಜೇಬಿಗೆ ಹಾಕಿಕೊಂಡು, "ಸ್ಟಾರ್ಟ್ ಆಗ್ತಿಲ್ಲ," ಎಂದು ಕಾವಲುಗಾರನಿಗೆ ಹೇಳಿದ. ಬೀಡಿ ಹಚ್ಚಿ ನಮ್ಮ ಕಡೆ ಬೆನ್ನು ಹಾಕಿ ಕೂತ.

ನೀರು ಕಾಯಿತು. ಹಬೆ ಎದ್ದಿತು. ಟಾರ್ಪಾಲಿನ ಒಳಗೆ ಇಬ್ಬಿಬ್ಬರಾಗಿ ಹೋಗುವುದು ಎಂದಾಯಿತು. ಮೊದಲು ರೇಡಿಯೋ, ನಾನು. ಅವಳ ಬೆನ್ನು ಉಜ್ಜಿದೆ. ಕೊಳೆ ಕಪ್ಪಗೆ ಇಳಿದು ಸಾಹೇಬರ ಹುಲ್ಲಿಗೆ ಹೋಯಿತು. ಎರಡು ಏಟು ಕೊಟ್ಟೆ. ಅವಳು ಎದ್ದು ಬಟ್ಟೆ ಸುತ್ತಿಕೊಳ್ಳುವಷ್ಟರಲ್ಲಿ ಹೊರಗೆ ಗದ್ದಲ.

"ಏನಿದು ಅಸಹ್ಯ? ಯಾರು ಹೇಳಿದ್ದು ಇಲ್ಲಿ?" ಸಾಹೇಬರ ದನಿ. ಕಾರಿನಲ್ಲಿ ಹೊರಟವರು ಗೇಟಿನಲ್ಲಿ ಲಾರಿ ನೋಡಿ ಇಳಿದಿದ್ದರು.

"ನೀನು ಕೂತಿರು ಅಕ್ಕಾ, ಈಗ ಬಂದೆ," ಎಂದು ರೇಡಿಯೋ ಒದ್ದೆ ತಲೆಯಲ್ಲೇ ಹೊರಗೆ ಹೋದಳು. ನಾನು ಒಳಗೆ ಕೂತೇ ಕೇಳಿಸಿಕೊಂಡೆ.

"ಸ್ನಾನ ಸಾಹೇಬ್ರೆ. ಬೆಳಿಗ್ಗೆಯಿಂದ ಹೊತ್ತ ಅಸಹ್ಯ ತೊಳ್ಕೊಳ್ತಿದೀವಿ."

"ಇದು ಆಫೀಸು."

"ಅದಕ್ಕೇ ಇಲ್ಲಿದೀವಿ. ಕೆಲಸದ ಟೈಮಲ್ಲಿ ಮನೆಗೆ ಹೋದ್ರೆ ತಪ್ಪಲ್ವಾ?"

"ಮೊದಲು ಈ ಪರದೆ ತೆಗೀರಿ."

"ನೀವೇ ತೆಗೀರಿ ಸಾಹೇಬ್ರೆ. ಒಳಗೆ ಹೆಂಗಸು ಸ್ನಾನ ಮಾಡ್ತಿದಾಳೆ."

ಸಾಹೇಬರ ಬೂಟಿನ ಸದ್ದು ಎರಡು ಹೆಜ್ಜೆ ಹಿಂದಕ್ಕೆ ಹೋಯಿತು. ನನಗೆ ನಗು ತಡೆಯಲಾಗಲಿಲ್ಲ. ಗಂಡಸು ಪೊಲೀಸರು ಬಂದರು, ಅವರೂ ಅಲ್ಲೇ ನಿಂತರು. ಯಾರೋ ಮಹಿಳಾ ಪೇದೆಯನ್ನು ಕಳಿಸಿ ಎಂದು ಫೋನು ಮಾಡುತ್ತಿದ್ದರು. ರೇಡಿಯೋಳ ದನಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಕೇಳುತ್ತಿತ್ತು. ಜನ ಸೇರಿದ ಸದ್ದು. ನನ್ನ ಬೆನ್ನು ಹಾಗೇ ಇತ್ತು.

ಕೊನೆಗೆ ಟಾರ್ಪಾಲು ಸರಿಯಿತು, ಯಾರೋ ಒಳಗೆ ಬಂದರು. ನಾನು ತಿರುಗಲಿಲ್ಲ. ತಲೆ ತಗ್ಗಿಸಿ, "ಎಷ್ಟು ಹೊತ್ತೇ? ಉಜ್ಜು, ನೀರು ಆರ್ತಿದೆ," ಎಂದೆ.

ಆಮೇಲೆ ಚೊಂಬು ಡ್ರಮ್ಮಿಗೆ ತಾಗಿದ ಸದ್ದು. ಬಿಸಿನೀರು ಕತ್ತಿನ ಮೇಲೆ ಬಿತ್ತು. ಎಷ್ಟು ದಿನವಾಗಿತ್ತೋ ಆ ಬಿಸಿ ಬೆನ್ನಿಗೆ ಇಳಿದು. ಸೋಪು ಬಂತು, ನಾರು ಬಂತು. ಮೊದಲು ಅಳುಕುತ್ತ, ಆಮೇಲೆ ಒತ್ತಿ, ಮೇಲಿನಿಂದ ಕೆಳಕ್ಕೆ. ರೇಡಿಯೋ ಇವತ್ತು ಚೆನ್ನಾಗಿ ಉಜ್ಜುತ್ತಿದ್ದಾಳೆ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಕಣ್ಣಿಗೆ ಸೋಪು ಹೋಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ.

ಉಜ್ಜುವುದು ನಿಂತಿತು. ಎರಡು ಏಟು ಬೀಳಲಿಲ್ಲ. ಕಾದೆ. ಬೀಳಲೇ ಇಲ್ಲ. ತಿರುಗಿ ನೋಡಿದರೆ ಖಾಕಿ. ಚಿಕ್ಕ ವಯಸ್ಸಿನ ಮಹಿಳಾ ಪೇದೆ, ತೋಳು ಮಡಿಚಿಕೊಂಡು, ಕೈ ತುಂಬ ನೊರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

"ನಿಮ್ಮನ್ನ ಎಬ್ಬಿಸಿ ಕರ್ಕೊಂಡು ಬಾ ಅಂದ್ರು," ಎಂದಳು.

"ಮತ್ತೆ ಉಜ್ಜಿದೆ?"

"ನೀವು ಉಜ್ಜು ಅಂದ್ರಿ." ತನ್ನ ಕೈ ನೋಡಿಕೊಂಡಳು. "ಇಷ್ಟು ಕೊಳೆ ಇರತ್ತೆ ಅಂತ ನಂಗೆ ಗೊತ್ತಿರಲಿಲ್ಲ. ನಮ್ಮ ಬೀದಿಗೂ ನೀವೇ ಬರ್ತೀರಾ?"

"ಎಲ್ಲಾ ಬೀದಿಗೂ ಬರ್ತೀವಮ್ಮ."

ಅವಳು ಇನ್ನೊಂದು ಚೊಂಬು ನೀರು ಹಾಕಿ, ಕೈ ತೊಳೆದುಕೊಂಡು, ಟೋಪಿ ಸರಿಮಾಡಿಕೊಂಡು ಹೊರಗೆ ಹೋದಳು. "ಏನಾಯ್ತು?" ಎಂದ ಸಾಹೇಬರಿಗೆ ಅವಳು ಗಂಭೀರವಾಗಿ ಹೇಳಿದ್ದು ಕೇಳಿಸಿತು.

"ಸ್ನಾನ ಇನ್ನೂ ಮುಗಿದಿಲ್ಲ ಸಾರ್."

ಅಷ್ಟರಲ್ಲಿ ಬೀದಿಯಲ್ಲಿ ಬಸ್ಸಿನ ಹಾರ್ನ್. ಲಾರಿಯ ಹಿಂಭಾಗ ಅರ್ಧ ರಸ್ತೆಗೆ ಚಾಚಿತ್ತು, ಉಳಿದರ್ಧ ಜನ. ಬಸ್ಸಿನೊಳಗಿಂದ ಬೈಗುಳ ಕೇಳಿತು. "ಕಂಡಕ್ಟರೇ, ಏನ್ರೀ ಅದು, ಇಳಿದು ನೋಡ್ರೀ," ಎಂದು ಯಾರೋ ಕೂಗಿದರು. ಬಸ್ಸಿನ ಬಾಗಿಲು ತೆರೆದ ಸದ್ದಾಯಿತು. ರೇಡಿಯೋ ಯಾರಿಗೋ ನಡೆದದ್ದನ್ನೆಲ್ಲ ಹೇಳಿದಳು, ಆಮೇಲೆ ಪರದೆಯಾಚೆ ಒಂದು ದನಿ ಬಂತು. ಆ ದನಿ ತೊದಲುವಾಗಿನಿಂದ ನನಗೆ ಗೊತ್ತು.

"ಎಲ್ಲಾ ಕೂತ್ಕೊಳ್ಳಿ. ನಮ್ಮಮ್ಮ ಸ್ನಾನ ಮಾಡ್ತಿದಾರೆ. ಮುಗೀಲಿ, ಆಮೇಲೆ ಹೋಗೋಣ."

ಬಸ್ಸಿನಲ್ಲಿ ಯಾರೋ ನಕ್ಕರು. ಅವನು ನಗಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ, "ನಮ್ಮಮ್ಮ," ಎಂದ.

ನಾನು ಎದ್ದೆ. ಬ್ಯಾಗಿನಲ್ಲಿದ್ದ ಒಣ ಬಟ್ಟೆ ಹಾಕಿಕೊಂಡೆ. ತಲೆಗೆ ಬಟ್ಟೆ ಸುತ್ತಿ ಹೊರಗೆ ಬಂದೆ. ಮಗ ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದ. ವಿಷಲ್ ಬಾಯಲ್ಲಿರಲಿಲ್ಲ, ಕೈಯಲ್ಲಿತ್ತು. ಸಾಹೇಬರು ನೆರಳಿಗೆ ಸರಿದು ಬೆವರು ಒರೆಸಿಕೊಳ್ಳುತ್ತಿದ್ದರು. ಅಷ್ಟು ಹತ್ತಿರದಿಂದ ಅವರನ್ನು ನಾನು ನೋಡಿದ್ದು ಅದೇ ಮೊದಲು, ಅವರಿಂದ ಒಳ್ಳೆಯ ಸೋಪಿನ ವಾಸನೆ ಬರುತ್ತಿತ್ತು.

"ಏನಮ್ಮ, ದೊಡ್ಡವರಾಗಿ ಹೀಗೆ ಮಾಡ್ತೀರಾ?" ಎಂದರು. "ಕಷ್ಟ ಇದ್ರೆ ಬಂದು ಹೇಳಬೇಕು. ಸ್ನಾನ ಎಲ್ಲಾ ನಿಮ್ಮ ಮನೇಲಿ, ನಿಮ್ಮ ಪಾಡಿಗೆ..."

"ಸಾಹೇಬ್ರೆ, ನಮ್ಮಲ್ಲಿ ಒಂದು ಕಟ್ಟು ಇದೆ," ಎಂದೆ. "ಯಾರು ಬುಟ್ಟಿ ಹೊರಿಸ್ತಾರೋ ಅವರೇ ಬೆನ್ನು ತೊಳೀಬೇಕು. ನಮಗೆ ಈ ಬುಟ್ಟಿ ಹೊರಿಸಿರೋದು ನೀವು. ನೀವೇ ಬಂದು ಉಜ್ಜಿ ಅಂತ ನಾವು ಕೇಳ್ತಿಲ್ಲ, ಅಷ್ಟು ಕೆಟ್ಟವರಲ್ಲ. ಬಿಸಿನೀರು ಕೊಡಿ, ಸೋಪು ಕೊಡಿ, ನಮ್ಮ ಅರ್ಧ ಗಂಟೆ ಕೊಡಿ. ನಾವು ನಾವೇ ಉಜ್ಕೊಳ್ತೀವಿ."

"ಬಿಸಿನೀರಿನ ಬಗ್ಗೆ ನೋಡೋಣ."

"ಅರ್ಧ ಗಂಟೆ?"

"ಅದು ಅಷ್ಟು ಸುಲಭ ಅಲ್ಲಮ್ಮ. ನೋಡೋಣ."

"ಸರಿ, ನೋಡಿ," ಎಂದು ಮುಂದಿನ ಜೋಡಿಗೆ ಕೈ ತೋರಿಸಿದೆ. "ಹೋಗ್ರಮ್ಮ ನೀವಿಬ್ರು. ಆತುರ ಏನಿಲ್ಲ, ಸಾಹೇಬ್ರು ಇನ್ನೂ ನೋಡ್ತಿದಾರೆ."

ಅವರು ಒಳಗೆ ಹೋದರು. ರೇಡಿಯೋ ಒಲೆಗೆ ಇನ್ನೊಂದು ಕುರ್ಚಿಕಾಲು ತುರುಕಿದಳು. ಬೀದಿಯ ತಿರುವಿನಲ್ಲಿ ಇನ್ನೊಂದು ಕಸದ ಲಾರಿ ಕಾಣಿಸಿತು, ಸುದ್ದಿ ಕೇಳಿ ಬಂದದ್ದು, ಮೇಲೆ ಹೆಂಗಸರು ತುಂಬಿದ್ದರು. ಸಾಹೇಬರು ಆ ಲಾರಿ ನೋಡಿದರು, ಗೇಟು ನೋಡಿದರು, ಡ್ರಮ್ಮು ನೋಡಿದರು. ಮೇಸ್ತ್ರಿಗೆ ಫೋನು ಹಚ್ಚಿದರು. ಎಲ್ಲರಿಗೂ ಕೇಳುವ ಹಾಗೆ, ಬಾಯ್ಲರಿನ ಬೀಗ ತೆಗಿ, ಹಿಂದೆ ಇದ್ದ ಹಾಗೇ ಅರ್ಧ ಗಂಟೆ ಬಿಡು ಎಂದು ಹೇಳಿಸಿದ ಮೇಲೇ ನಾವು ಟಾರ್ಪಾಲು ಬಿಚ್ಚಿದ್ದು.

ಎಲ್ಲ ಸಿಕ್ಕಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ರಜೆಯ ಸಂಬಳ ಬರಲಿಲ್ಲ. ಆಸ್ಪತ್ರೆ ಖರ್ಚು ಬರಲಿಲ್ಲ, ಮಗ ಇನ್ನೂ ಎರಡು ಪಾಳಿ ದುಡಿಯುತ್ತಿದ್ದಾನೆ. ಆ ಡ್ರಮ್ಮು ಈಗಲೂ ಲಾರಿಯ ಮೇಲೇ ಇದೆ. ಸಾಹೇಬರ ಗೇಟಿಗೆ ಹೋದಾಗಲೆಲ್ಲ ರೇಡಿಯೋ ಸುಮ್ಮನೆ ಅದಕ್ಕೊಂದು ಬಡಿಯುತ್ತಾಳೆ. ಸದ್ದು ಒಳಗಿನ ತನಕ ಹೋಗುತ್ತದೆ.

ಆ ದಿನ ನಾನು ಬಸ್ಸಿನಲ್ಲಿ ಸೀಟಿನ ಮೇಲೆ ಕೂತು ಮನೆಗೆ ಹೋದೆ. ಮಗ ನನಗೆ ಟಿಕೆಟ್ ಹರಿದುಕೊಟ್ಟ, ನಾನು ದುಡ್ಡು ಕೊಟ್ಟೆ. ಮೂರು ಮಹಡಿ ಹತ್ತಿದೆ. ಸೊಸೆ ಬಾಗಿಲು ತೆರೆದಳು. ನನ್ನ ಒದ್ದೆ ಕೂದಲು ನೋಡಿದಳು. ಹತ್ತಿರ ಬಂದು ಒಂದು ಕಿವಿಯ ಹಿಂದೆ ಮೂಸಿದಳು. ಆ ಕಡೆ ಹೋಗಿ ಇನ್ನೊಂದು ಕಿವಿಯ ಹಿಂದೆ ಮೂಸಿದಳು. ಏನೂ ಕೇಳದೆ ಪಾಪುವನ್ನು ತಂದು ನನ್ನ ಕೈಗೆ ಕೊಟ್ಟಳು.

ಏನು ಹೇಳಲಿ. ಬಿಸಿಯಾಗಿದ್ದಳು. ಭಾರವೇ ಇರಲಿಲ್ಲ, ಹಿಡಿದಿದ್ದೇನೋ ಇಲ್ಲವೋ ಎಂದು ಎರಡು ಸಲ ನೋಡಿಕೊಂಡೆ. ಆಗ ತಾನೇ ಹಾಲು ಕುಡಿದಿದ್ದಳು. ಮೆಲ್ಲನೆ ಎತ್ತಿ ಹೆಗಲ ಮೇಲೆ ಹಾಕಿಕೊಂಡೆ, ದಿನಾ ಬುಟ್ಟಿ ಏರುವ ಹೆಗಲ ಮೇಲೇ. ಅಭ್ಯಾಸ ನೋಡಿ, ಅವಳ ಬೆನ್ನಿಗೆ ನನ್ನ ಕೈ ತಾನಾಗಿ ಎರಡು ಸಣ್ಣ ಏಟು ಕೊಟ್ಟಿತು.

ಪಾಪು ತೇಗಿದಳು. ಕುಡಿದ ಹಾಲೆಲ್ಲ ಹೊರಗೆ ಬಂತು. ಬೆಚ್ಚಗೆ ನನ್ನ ಕತ್ತಿನ ಮೇಲೆ ಬಿದ್ದು, ಬೆನ್ನಿನ ನಡುಗೆರೆ ಹಿಡಿದು, ಸೊಂಟದ ತನಕ ಇಳಿಯಿತು.

"ಅಯ್ಯೋ ಅತ್ತೆ, ಈಗ ತಾನೇ ಸ್ನಾನ ಮಾಡಿ ಬಂದಿದ್ರಿ," ಎಂದು ಸೊಸೆ ಬಟ್ಟೆ ಹಿಡಿದು ಓಡಿಬಂದಳು. "ಬೆನ್ನೆಲ್ಲಾ ಆಯ್ತು. ಕೂತ್ಕೊಳ್ಳಿ, ಒರಸ್ತೀನಿ."

"ಬಿಡಮ್ಮ, ಸ್ವಲ್ಪ ಹೊತ್ತು ಇರಲಿ," ಎಂದೆ. "ಇಷ್ಟು ವರ್ಷ ಊರಿನವರದು ಇಳೀತಿತ್ತು. ಇದು ನಮ್ಮನೇದು."